ಹಿಮಯುಗದ ಸಮುದ್ರವನ್ನು ಅಳೆದವರು ಯಾರು? ಸತ್ತ ಹವಳಗಳ ಲೆಕ್ಕ

ಇಪ್ಪತ್ತು ಸಾವಿರ ವರ್ಷದ ಹಿಂದೆ, ಹಿಮಯುಗದ ತುತ್ತತುದಿಯಲ್ಲಿ, ಸಮುದ್ರದ ಮಟ್ಟ ಇವತ್ತಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಈ ಮಾತನ್ನ ನೀವು ಎಲ್ಲೋ ಓದಿರ್ತೀರಿ. ಆದರೆ ಆಗ ಟೇಪು ಹಿಡ್ಕೊಂಡು ನಿಂತಿದ್ದವರು ಯಾರು? ನನಗೆ ಈ ಸಂಖ್ಯೆಗಿಂತ ಅದು ಸಿಕ್ಕ ದಾರಿಯೇ ಹೆಚ್ಚು ಇಷ್ಟ. ಇವತ್ತಿನ ಮಾತು ಅದರ ಬಗ್ಗೆ.

ಉತ್ತರ ಹವಳ. ಅಮ್ಮನ ತಾಳಿ ಸರದಲ್ಲಿರುವ, ಕುಜ ದೋಷಕ್ಕೆ ಅಂತ ಉಂಗುರದಲ್ಲಿ ಹಾಕಿಸೋ ಕೆಂಪು ಹವಳ ಅಲ್ಲ. ಅದು ಆಳದ, ಕತ್ತಲ ನೀರಲ್ಲೂ ಬೆಳೆಯೋ ಬೇರೆ ಜಾತಿ. ನಮಗೆ ಬೇಕಾಗಿರೋದು ದಿಬ್ಬ ಕಟ್ಟುವ ಹವಳ. ಇದರ ಮೈಯೊಳಗೆ ಪಾಚಿ ವಾಸ ಮಾಡುತ್ತೆ, ಆ ಪಾಚಿಗೆ ಬಿಸಿಲು ಬೇಕು. ಹಾಗಾಗಿ ಈ ಹವಳಗಳು ನೀರಿನ ಮೇಲ್ಪದರ ಬಿಟ್ಟು ಕೆಳಗೆ ಹೋಗಲಾರವು. ಅದರಲ್ಲೂ ಕೆರಿಬಿಯನ್ನಿನ ಅಕ್ರೋಪೋರಾ ಪಾಮೇಟಾ ಅನ್ನುವ, ಜಿಂಕೆಕೊಂಬಿನಂಥ ಹವಳ ಹೆಚ್ಚಾಗಿ ಮೇಲಿನ ಐದು ಮೀಟರಿನೊಳಗೇ ಬೆಳೆಯುತ್ತೆ. ಈಗ ಯೋಚಿಸಿ: ಇದೇ ಹವಳ ನೂರು ಮೀಟರ್ ಆಳದಲ್ಲಿ, ಬೆಳೆದ ಜಾಗದಲ್ಲೇ, ಸತ್ತು ಕಲ್ಲಾಗಿ ಸಿಕ್ಕರೆ? ಅದು ಬದುಕಿದ್ದಾಗ ಸಮುದ್ರದ ಮೇಲ್ಮೈ ಅಲ್ಲೇ ಇತ್ತು ಅಂತ ಅರ್ಥ.

ಅಮೆರಿಕದ ವಿಜ್ಞಾನಿ ರಿಚರ್ಡ್ ಫೇರ್‌ಬ್ಯಾಂಕ್ಸ್ ಮಾಡಿದ್ದು ಇದನ್ನೇ. ಬಾರ್ಬಡೋಸ್ ದ್ವೀಪದ ದಕ್ಷಿಣ ಕರಾವಳಿಯಾಚೆ (ಹೌದು, 2024ರಲ್ಲಿ ನಾವು ಟಿ20 ವಿಶ್ವಕಪ್ ಗೆದ್ದ ಅದೇ ಬಾರ್ಬಡೋಸ್) ಸಮುದ್ರದ ತಳ ಕೊರೆದು ಹವಳದ ಕಂಬಗಳನ್ನ ಎತ್ತಿದರು. 1989ರಲ್ಲಿ ಪ್ರಕಟವಾದ ಅವರ ಲೆಕ್ಕ 121 ಮೀಟರ್, ಐದು ಮೀಟರ್ ಆಚೀಚೆ. ಅದರಲ್ಲಿ ಒಂದು ಸಣ್ಣ ತಿದ್ದುಪಡಿಯೂ ಸೇರಿದೆ. ಬಾರ್ಬಡೋಸ್ ದ್ವೀಪವೇ ಸಾವಿರ ವರ್ಷಕ್ಕೆ ಸುಮಾರು 34 ಸೆಂಟಿಮೀಟರಿನಂತೆ ಮೇಲೇಳ್ತಾ ಇದೆ. ಇಪ್ಪತ್ತು ಸಾವಿರ ವರ್ಷಕ್ಕೆ ಹೆಚ್ಚುಕಡಿಮೆ ಏಳು ಮೀಟರ್ ಆಯ್ತು. ಅಳೆಯೋ ಕೋಲೇ ಅಲುಗಾಡ್ತಾ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡೀಬೇಕಲ್ವಾ.

ಆಳ ಗೊತ್ತಾಯ್ತು, ವಯಸ್ಸು? ಮೊದಲು ಬಳಸಿದ್ದು ಕಾರ್ಬನ್-14. ಇದರ ತೊಂದರೆ ಏನಂದ್ರೆ, ವಾತಾವರಣದಲ್ಲಿ ಕಾರ್ಬನ್-14 ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿ ಇರಲಿಲ್ಲ. 1990ರಲ್ಲಿ ಎಡ್ವರ್ಡ್ ಬಾರ್ಡ್ ಮತ್ತು ಸಂಗಡಿಗರು ಅದೇ ಬಾರ್ಬಡೋಸ್ ಹವಳಗಳ ವಯಸ್ಸನ್ನ ಯುರೇನಿಯಂ-ಥೋರಿಯಂ ವಿಧಾನದಲ್ಲಿ ಮತ್ತೆ ಅಳೆದಾಗ, ಇಪ್ಪತ್ತು ಸಾವಿರ ವರ್ಷದ ಹತ್ತಿರ ಎರಡು ಗಡಿಯಾರಗಳ ನಡುವೆ ಸುಮಾರು 3,500 ವರ್ಷಗಳ ವ್ಯತ್ಯಾಸ ಬಂತು. ಕಾರ್ಬನ್ ಗಡಿಯಾರ ವಯಸ್ಸನ್ನ ಕಡಿಮೆ ತೋರಿಸ್ತಾ ಇತ್ತು.

ಈ ಯುರೇನಿಯಂ-ಥೋರಿಯಂ ಗಡಿಯಾರ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಇಡೀ ಕತೆ ನಿಂತಿರೋದು ಇದರ ಮೇಲೆ. ಯುರೇನಿಯಂ ಸಮುದ್ರದ ನೀರಲ್ಲಿ ಕರಗುತ್ತೆ, ಥೋರಿಯಂ ಹೆಚ್ಚುಕಡಿಮೆ ಕರಗೋದೇ ಇಲ್ಲ. ಹವಳ ನೀರಿನಿಂದ ಸುಣ್ಣ ತೆಗೆದು ಗೂಡು ಕಟ್ಟುವಾಗ ಯುರೇನಿಯಂ ಕೂಡ ಒಳಗೆ ಸೇರುತ್ತೆ, ಹತ್ತು ಲಕ್ಷದಲ್ಲಿ ಸುಮಾರು ಮೂರು ಪಾಲು. ಥೋರಿಯಂ ಮಾತ್ರ ಬಹುತೇಕ ಸೊನ್ನೆ. ಅಲ್ಲಿಂದ ಯುರೇನಿಯಂ-238 ಕ್ಷಯಿಸಿ ಯುರೇನಿಯಂ-234 ಆಗಿ, ಅದು ಥೋರಿಯಂ-230 ಆಗ್ತಾ ಹೋಗುತ್ತೆ. ಥೋರಿಯಂ-230ರ ಅರ್ಧಾಯುಷ್ಯ ಸುಮಾರು 75,600 ವರ್ಷ. ಖಾಲಿ ಬಿಂದಿಗೆ ಇಟ್ಟು ನಲ್ಲಿ ತಿರುಗಿಸಿದ ಹಾಗೆ: ನೀರು ಬೀಳುವ ವೇಗ ಗೊತ್ತು, ಬಿಂದಿಗೆಯ ತೂತಿನಿಂದ ಸೋರುವ ವೇಗವೂ ಗೊತ್ತು, ಒಳಗೆ ಎಷ್ಟಿದೆ ನೋಡಿದರೆ ನಲ್ಲಿ ಯಾವಾಗ ಬಿಟ್ಟದ್ದು ಅಂತ ಹೇಳಬಹುದು. ಕಾರ್ಬನ್-14 ಸುಮಾರು 50,000 ವರ್ಷಕ್ಕೆ ಕೈಚೆಲ್ಲುತ್ತೆ. ಇದು ಐದು ಲಕ್ಷ ವರ್ಷದ ಆಸುಪಾಸಿನ ತನಕ ಹೋಗುತ್ತೆ.

ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಹಿಡಿಸೋ ಭಾಗ ಇನ್ನೊಂದಿದೆ, ಚೆಕ್‌ಸಮ್. ಹವಳ ಗೂಡು ಕಟ್ಟೋದು ಅರಗೊನೈಟ್ ಅನ್ನುವ ಖನಿಜದಲ್ಲಿ. ಮಳೆನೀರು ಹೊಕ್ಕು ಅದು ಕ್ಯಾಲ್ಸೈಟ್ ಆಗಿ ಬದಲಾಗಿದ್ದರೆ ಯುರೇನಿಯಂ ಒಳಗೋ ಹೊರಗೋ ಹೋಗಿರಬಹುದು. ಎಕ್ಸ್-ರೇ ಹಾಯಿಸಿ ನೋಡಿದರೆ ತಿಳಿಯುತ್ತೆ. ಅದು ಪಾಸಾದರೂ ಇನ್ನೊಂದು ಪರೀಕ್ಷೆ: ಸಿಕ್ಕ ವಯಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ, ಹವಳ ಹುಟ್ಟಿದಾಗಿನ ಯುರೇನಿಯಂ-234 ಮತ್ತು 238ರ ಅನುಪಾತ ಸಮುದ್ರದ ನೀರಿನದ್ದಕ್ಕೆ ಹತ್ತಿರ ಬರಬೇಕು. ಬರಲಿಲ್ವಾ, ಡೇಟಾ ಕರಪ್ಟ್ ಆಗಿದೆ, ಬಿಸಾಡಿ. ಹಳೆಯ ಹವಳಗಳಲ್ಲಿ ತುಂಬಾ ತುಣುಕುಗಳು ಇಲ್ಲೇ ಸೋಲ್ತವೆ.

ಹವಳದಲ್ಲಿ ಮರದ ಹಾಗೆ ವರ್ಷದ ಪಟ್ಟಿಗಳೂ ಇವೆ. ಅವು ನಿಜಕ್ಕೂ ವರ್ಷಕ್ಕೊಂದು ಅಂತ 1972ರಲ್ಲಿ ಖಾತ್ರಿಯಾಗಿದ್ದು ಪೆಸಿಫಿಕ್‌ನ ಎನಿವೆಟಾಕ್ ಹವಳ ದ್ವೀಪದಲ್ಲಿ. ಅಮೆರಿಕದ ಅಣುಬಾಂಬ್ ಪರೀಕ್ಷೆಗಳ ವಿಕಿರಣ ಹವಳದೊಳಗೆ ಗುರುತು ಬಿಟ್ಟಿತ್ತು. ಪರೀಕ್ಷೆಗಳ ಕಾಲ ಗೊತ್ತಿತ್ತು, ಮಧ್ಯದ ಪಟ್ಟಿ ಎಣಿಸಿದರು. ಪಟ್ಟಿಯಲ್ಲಿರುವ ಸ್ಟ್ರಾನ್ಷಿಯಂ-ಕ್ಯಾಲ್ಸಿಯಂ ಅನುಪಾತ ಆ ತಿಂಗಳ ನೀರಿನ ಬಿಸಿಯನ್ನೂ ಹೇಳುತ್ತೆ. ಅದಕ್ಕೇ ಒಂದು ಪೂರ್ತಿ ವಿಡಿಯೋ ಬೇಕು, ಇವತ್ತು ಬೇಡ.

ಈಗ ಟಹೀಟಿಗೆ ಬರೋಣ. 2005ರಲ್ಲಿ ಅಂತರರಾಷ್ಟ್ರೀಯ ಸಮುದ್ರ ಕೊರೆತದ ತಂಡ ಅಲ್ಲಿ 600 ಮೀಟರಿಗೂ ಹೆಚ್ಚು ಹವಳದ ಕಂಬಗಳನ್ನ ತೆಗೆಯಿತು. 2012ರಲ್ಲಿ ಪಿಯರ್ ಡೆಶಾಂ ತಂಡ ಪ್ರಕಟಿಸಿದ ಫಲಿತಾಂಶ ನೋಡಿ: ಇವತ್ತಿಗೆ 14,650ರಿಂದ 14,310 ವರ್ಷದ ಹಿಂದೆ, ಬರೀ ಮುನ್ನೂರ ನಲವತ್ತು ವರ್ಷದಲ್ಲಿ, ಟಹೀಟಿಯಲ್ಲಿ ಸಮುದ್ರ 14ರಿಂದ 18 ಮೀಟರ್ ಏರಿತು. ಅಂದ್ರೆ ವರ್ಷಕ್ಕೆ 40 ಮಿಲಿಮೀಟರಿಗಿಂತ ಹೆಚ್ಚು. ಈಗ ಉಪಗ್ರಹಗಳು ತೋರಿಸ್ತಿರೋದು ವರ್ಷಕ್ಕೆ ನಾಲ್ಕು ಮಿಲಿಮೀಟರಿನ ಆಸುಪಾಸು. ಬಾರ್ಬಡೋಸ್ ಲೆಕ್ಕದಲ್ಲಿ ಈ ಜಿಗಿತ ಕೆಲವು ನೂರು ವರ್ಷ ತಡವಾಗಿ ಕಾಣ್ತಿತ್ತು. ಟಹೀಟಿಯ ದಿನಾಂಕ ಉತ್ತರ ಗೋಳಾರ್ಧ ಥಟ್ಟನೆ ಬಿಸಿಯಾದ ಕಾಲಕ್ಕೇ ಸರಿಯಾಗಿ ಕೂತಿತು. ದಿನಾಂಕ ಸ್ವಲ್ಪ ಸರಿದರೂ ಕಾರಣ ಮತ್ತು ಪರಿಣಾಮದ ಕತೆಯೇ ಬದಲಾಗುತ್ತೆ. ಅಷ್ಟೊಂದು ಶ್ರಮ ಅದಕ್ಕೇ.

ಇದನ್ನ ತೋರಿಸಿ 'ನಾಳೆ ಮುಂಬೈ ಮುಳುಗುತ್ತೆ' ಅನ್ನೋ ಥಂಬ್‌ನೇಲ್ ಹಾಕೋರನ್ನ ನಾನು ಒಪ್ಪಲ್ಲ. ಆಗ ಉತ್ತರ ಅಮೆರಿಕ, ಯುರೋಪಿನ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮ ಇತ್ತು. ಆ ಸ್ಟಾಕ್ ಈಗ ಇಲ್ಲ. ನನ್ನ ಮಟ್ಟಿಗೆ ಹೆಚ್ಚು ಯೋಚಿಸಬೇಕಾದ್ದು ಸುಮಾರು 1,25,000 ವರ್ಷದ ಹಿಂದಿನ ಕಾಲ. ಆಗ ಭೂಮಿಯ ಮೇಲಿನ ಹಿಮದ ಹರವು ಇವತ್ತಿನ ಥರವೇ ಇತ್ತು. ಬಿಸಿ, ಕೈಗಾರಿಕೆಗಳು ಶುರುವಾಗೋ ಮುಂಚಿನ ಮಟ್ಟಕ್ಕಿಂತ ಅರ್ಧದಿಂದ ಒಂದೂವರೆ ಡಿಗ್ರಿ ಹೆಚ್ಚು. ಈಗ ನಾವಿರೋದೂ ಅದೇ ಪಟ್ಟಿಯೊಳಗೆ. ಆದರೂ ಸಮುದ್ರ 5ರಿಂದ 10 ಮೀಟರ್ ಮೇಲಿತ್ತು. ಸಾಕ್ಷಿ ನಮ್ಮ ಹಿಂದೂ ಮಹಾಸಾಗರದ ಸೇಶೆಲ್ಸ್‌ನಲ್ಲೇ ಇದೆ: ಗ್ರಾನೈಟ್ ಬಂಡೆಗೆ ಅಂಟಿಕೊಂಡು, ಇವತ್ತಿನ ನೀರಿಗಿಂತ ಮೀಟರುಗಟ್ಟಲೆ ಎತ್ತರದಲ್ಲಿ, ಒಣಗಿ ನಿಂತ ಹವಳ.

ಅಷ್ಟು ನೀರು ಏರೋದಕ್ಕೆ ಎಷ್ಟು ಕಾಲ ಹಿಡೀತು? ಚೆನ್ನೈ, ಮುಂಬೈಯಲ್ಲಿ ಇಪ್ಪತ್ತು ವರ್ಷದ ಹೋಮ್ ಲೋನ್ ತಗೊಂಡು ಕೂತ ನಮಗೆ ಬೇಕಾದ ಪ್ರಶ್ನೆ ಇದು. ಮಂಗಳೂರಿನಿಂದ ಸಾಮಾನು ತರಿಸ್ಕೊಳ್ಳೋ ಲಕ್ಷದ್ವೀಪದವರಿಗೆ ಇನ್ನೂ ಹತ್ತಿರದ್ದು. ಅವರ ನೆಲವೇ ಹವಳ, ಅದೂ ನೀರಿಗಿಂತ ಒಂದೆರಡು ಮೀಟರ್ ಮೇಲಷ್ಟೇ. ಒಂದೂಕಾಲು ಲಕ್ಷ ವರ್ಷದ ಹವಳದ ವಯಸ್ಸು ಹೇಳುವಾಗ ಆಚೀಚೆ ಕೆಲವು ನೂರು ವರ್ಷದ ಅಂಚು ಉಳಿದೇ ಉಳಿಯುತ್ತೆ. ನೂರು ವರ್ಷದೊಳಗೆ ಆದದ್ದನ್ನ ಆ ಅಂಚು ನುಂಗಿಬಿಡುತ್ತೆ. ಹಾಗಾಗಿ ಈಗಿನ ಕೆಲಸ ಎಲ್ಲಾ ಒಂದೇ ಕಂಬದಲ್ಲಿ, ಒಂದರ ಮೇಲೊಂದು ಬೆಳೆದ ಹವಳಗಳನ್ನ ಹೋಲಿಸಿ ಆ ಅಂಚನ್ನ ಕಿರಿದು ಮಾಡೋದರ ಮೇಲೆ. ಮುಂದಿನ ವಿಡಿಯೋದಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ಕಂಬಗಳನ್ನ ನೋಡೋಣ.