ಹಾರ್ಮೋನಿನ ಗುಳಿಗೆ ಮತ್ತು ಎಲುಬಿನ ಲೆಕ್ಕ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೂಡಣ ತುದಿಯಲ್ಲಿರುವ ಜತ್ತ ತಾಲೂಕು ಮಳೆ ಕಡಿಮೆಯ ಜೋಳದ ಸೀಮೆ. ಉಮದಿ, ಸಂಖದಂಥ ಊರುಗಳಲ್ಲಿ ಮನೆಮಾತು ಕನ್ನಡ. ಇಲ್ಲಿ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ನನ್ನನ್ನು ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾಣಲು ಬಂದಳು. ಹಾಜರಿ ಪುಸ್ತಕದಲ್ಲಿ ಗಂಡು ಹೆಸರಿದ್ದವಳು, ಈಗ ಹತ್ತೊಂಬತ್ತು ವಯಸ್ಸು, ಹೆಣ್ಣಾಗಿಯೇ ಬಾಳುತ್ತಿದ್ದಾಳೆ.

“ಸರ್, ಗುಳಗಿ ತಗೊಳ್ಳಾಕ ಹತ್ತೇನ್ರಿ. ಮೈ ಬದಲಾಗಾಕತ್ತೈತಿ, ಖರೆ. ಆದ್ರ ಸೊಂಟ ನೋಯತೈತಿ. ಎಲುಬಿಗೇನರ ಆಗತೈತೇನ್ರಿ?” ಎಂದು ಕೇಳಿದಳು. ಅವು ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಕೊಂಡ ಸಂತಾನ ನಿಯಂತ್ರಣದ ಗುಳಿಗೆಗಳು. ನನಗೆ ಉತ್ತರ ತಿಳಿದಿರಲಿಲ್ಲ. ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಥವರು ನಮ್ಮ ಸೀಮೆಗೆ ಹೊಸಬರಲ್ಲ. ಸವದತ್ತಿ ಯಲ್ಲಮ್ಮನ ಜೋಗಪ್ಪಗಳನ್ನು ಕಾಣದ ಊರು ಈ ಕಡೆ ಇಲ್ಲ. ಮಂಜಮ್ಮ ಜೋಗತಿಯವರಿಗೆ 2021ರ ಪದ್ಮಶ್ರೀ ಸಂದಿತು. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ತೃತೀಯ ಲಿಂಗದವರನ್ನು ಮಾನ್ಯ ಮಾಡಿತು. ಮರುವರ್ಷವೇ ಕೇರಳ ಸರಕಾರ ಅವರಿಗಾಗಿ ಒಂದು ನೀತಿಯನ್ನು ಪ್ರಕಟಿಸಿತು. ಅವರ ಕೈಯಿಂದ ಭಂಡಾರ ಹಚ್ಚಿಸಿಕೊಂಡ ನಾವು ಅವರ ಆರೋಗ್ಯವನ್ನು ಮಾತ್ರ ವಿಚಾರಿಸಲಿಲ್ಲ.

ಕಾಣುವ ಬದಲಾವಣೆ

ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನು ಸ್ನಾಯುವನ್ನು ಬೆಳೆಸಿ ಕೊಬ್ಬನ್ನು ತಗ್ಗಿಸುತ್ತದೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು ಇದನ್ನು ಪಡೆದರೆ ಮೈಕಟ್ಟು ಗಟ್ಟಿಯಾಗುತ್ತದೆ, ದನಿ ಒಡೆಯುತ್ತದೆ, ರಕ್ತದಲ್ಲಿ ಹಿಮೋಗ್ಲೋಬಿನ್ ಏರುತ್ತದೆ. ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನನ್ನು, ಟೆಸ್ಟೊಸ್ಟೆರಾನನ್ನು ತಡೆಯುವ ಔಷಧದೊಡನೆ ಪಡೆದವರಲ್ಲಿ ಇದಕ್ಕೆ ಪ್ರತಿಯಾಗಿ ಸ್ನಾಯು ಇಳಿದು ಸೊಂಟ, ತೊಡೆಗಳಲ್ಲಿ ಕೊಬ್ಬು ಕೂಡುತ್ತದೆ. ಇವೆಲ್ಲ ಕೆಲವೇ ತಿಂಗಳಲ್ಲಿ ಕನ್ನಡಿಯಲ್ಲಿ ಕಾಣುತ್ತವೆ. ಎಲುಬಿನ ಸಂಗತಿ ಕನ್ನಡಿಗೆ ಕಾಣುವುದಿಲ್ಲ.

ಕಾಣದ ಬದಲಾವಣೆ

ಮನುಷ್ಯ ಜೀವಮಾನಕ್ಕೆಲ್ಲ ಬೇಕಾದ ಎಲುಬನ್ನು ಹರೆಯದಲ್ಲೇ ಕೂಡಿಡುತ್ತಾನೆ. ಭರದಿಂದ ಎತ್ತರ ಬೆಳೆಯುವ ಸುಮಾರು ಎರಡು ವರ್ಷಗಳಲ್ಲೇ ನಾಲ್ಕನೆಯ ಒಂದು ಪಾಲು ಸೇರುತ್ತದೆ. ಈ ಸಂಗ್ರಹಕ್ಕೆ ಹಾರ್ಮೋನು ಬೇಕೇ ಬೇಕು. ಗಂಡಸರ ಎಲುಬಿಗೂ ಈಸ್ಟ್ರೋಜೆನ್ ಅಗತ್ಯವೆಂಬುದು 1994ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಒಬ್ಬ ರೋಗಿಯಿಂದ ಸ್ಪಷ್ಟವಾಯಿತು: ದೇಹಕ್ಕೆ ಈಸ್ಟ್ರೋಜೆನ್ ಹಿಡಿಯದ ಆತ 28ನೆಯ ವಯಸ್ಸಿನಲ್ಲೂ ಎತ್ತರ ಬೆಳೆಯುತ್ತಲೇ ಇದ್ದ, ಎಲುಬು ಮಾತ್ರ ಟೊಳ್ಳಾಗಿತ್ತು. ಆದ್ದರಿಂದ ಅಂಗ ತೆಗೆಸಿಕೊಂಡು ಯಾವ ಹಾರ್ಮೋನನ್ನೂ ಪಡೆಯದವರ ಎಲುಬು ಸವೆಯುತ್ತದೆ. ಚೀನಾ ಅರಮನೆಯ ನಪುಂಸಕರಲ್ಲಿ ಮುಪ್ಪಿಗೆ ಬೆನ್ನು ಬಾಗಿದ್ದುದನ್ನು ವೈದ್ಯರು ದಾಖಲಿಸಿದ್ದಾರೆ.

ಹರೆಯವನ್ನೇ ತಡೆಹಿಡಿಯುವ ಚುಚ್ಚುಮದ್ದಿನ ಪದ್ಧತಿ ನೆದರ್ಲೆಂಡಿನಲ್ಲಿ ಆರಂಭವಾಯಿತು. ಹೀಗೆ ಚಿಕಿತ್ಸೆ ಪಡೆದ 75 ಮಂದಿಯನ್ನು ಆಮ್ಸ್ಟರ್ಡಾಮಿನ ವೈದ್ಯರು ದೀರ್ಘಕಾಲ ಗಮನಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ತಡೆಯುವ ಕಾಲದಲ್ಲಿ ಸಮವಯಸ್ಕರಿಗೆ ಹೋಲಿಸಿದರೆ ಎಲುಬಿನ ಸಾಂದ್ರತೆ ಹಿಂದೆ ಬಿದ್ದಿತ್ತು. ಮುಂದೆ ಹಾರ್ಮೋನು ಕೊಟ್ಟಾಗ ಹೆಣ್ಣಾಗಿ ಹುಟ್ಟಿದವರಲ್ಲಿ ಅದು ಬಹುಮಟ್ಟಿಗೆ ಮರಳಿತು. ಗಂಡಾಗಿ ಹುಟ್ಟಿದವರ ಸೊಂಟದ ಬೆನ್ನುಮೂಳೆಯಲ್ಲಿ ಪೂರ್ತಿ ಮರಳಲಿಲ್ಲ. ಪುರಾವೆ ಸಾಲದೆಂದು ಇಂಗ್ಲೆಂಡಿನ ಆರೋಗ್ಯ ಇಲಾಖೆ 2024ರಲ್ಲಿ ಮಕ್ಕಳಿಗೆ ಈ ಮದ್ದನ್ನು ವಾಡಿಕೆಯಾಗಿ ಕೊಡುವುದನ್ನು ನಿಲ್ಲಿಸಿತು. ಪ್ರಾಯಕ್ಕೆ ಬಂದ ಮೇಲೆ ತಕ್ಕ ಪ್ರಮಾಣದ ಈಸ್ಟ್ರೋಜೆನ್ ಪಡೆದವರ ಎಲುಬು ಸಾಮಾನ್ಯವಾಗಿ ಕುಂದುವುದಿಲ್ಲ, ತುಸು ಹೆಚ್ಚುವುದೂ ಉಂಟು.

ಮಾಡಬೇಕಾದದ್ದೇನು?

ಅಂಗಡಿಯ ಗುಳಿಗೆ ಸಲ್ಲದು. ಅದರಲ್ಲಿರುವ ಎಥಿನೈಲ್ ಈಸ್ಟ್ರಡಯೋಲ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಆದ್ದರಿಂದಲೇ ತಜ್ಞರು ಈ ಚಿಕಿತ್ಸೆಗೆ ಅದನ್ನು ಬಳಸುವುದಿಲ್ಲ. ಮಿರಜ, ವಿಜಯಪುರ, ಸೊಲ್ಲಾಪುರಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ರಕ್ತ ಪರೀಕ್ಷೆಯಿಂದ ಹಾರ್ಮೋನಿನ ಪ್ರಮಾಣವನ್ನೂ, ‘ಡೆಕ್ಸಾ’ ಎಂಬ ಪರೀಕ್ಷೆಯಿಂದ ಎಲುಬಿನ ಸಾಂದ್ರತೆಯನ್ನೂ ಅಳೆಯಬಹುದು. ನಮ್ಮ ಜೋಳದಲ್ಲಿ 100 ಗ್ರಾಮಿಗೆ 30 ಮಿಲಿಗ್ರಾಂ ಸುಣ್ಣದ ಅಂಶವೂ ಇಲ್ಲ. ರಾಗಿಯಲ್ಲಿ 300 ದಾಟುತ್ತದೆ. ಹಾಲು, ಮೊಸರು, ಎಳ್ಳು, ಬಿಸಿಲು, ಮೈ ಬಗ್ಗಿಸುವ ದುಡಿಮೆ, ಇವೆಲ್ಲ ಎಲುಬಿಗೆ ಹಿತ.

ಇನ್ನೊಂದು ಮಾತು. ಗಂಡಾಗಿ ಹುಟ್ಟಿದ ಆ ಮಕ್ಕಳ ಎಲುಬು ಚಿಕಿತ್ಸೆಗೆ ಮುನ್ನವೇ ಕ್ಷೀಣವಾಗಿದ್ದುದನ್ನು ಆಮ್ಸ್ಟರ್ಡಾಮಿನವರು ಕಂಡಿದ್ದಾರೆ. ಆಟ, ವ್ಯಾಯಾಮಗಳಿಂದ ದೂರ ಉಳಿಯುವುದು ಅದಕ್ಕೊಂದು ಕಾರಣವಿರಬೇಕೆಂದು ಊಹೆ. ಇದನ್ನು ಓದಿದಾಗ ನನಗೆ ನೆನಪಾಯಿತು: ಕಬಡ್ಡಿಯ ಹೊತ್ತಿಗೆ ಹುಡುಗರು ಗೇಲಿ ಮಾಡುತ್ತಾರೆಂದು, ಆಕೆಯನ್ನು ತರಗತಿಯೊಳಗೆ ಕೂರಿಸಿ ಪುಸ್ತಕ ಎಣಿಸಲು ಹಚ್ಚುತ್ತಿದ್ದವನು ನಾನೇ. ಗೇಲಿ ಮಾಡಿದವರನ್ನು ಒಂದು ದಿನವೂ ಗದರಿಸಲಿಲ್ಲ.

ಆಕೆ ಈಗ ಮಿರಜದಲ್ಲಿ ವೈದ್ಯರನ್ನು ಕಾಣುತ್ತಿದ್ದಾಳೆ. ಮೊದಲ ಸಲ ಬಸ್ಸಿನಲ್ಲಿ ಜತೆಗೆ ಹೋಗಿ ಬಂದೆ.