ನೀರಿನ ತೊಟ್ಟಿಯ ಕಾಂಕ್ರೀಟಿಗೆ ಸುಣ್ಣಕಲ್ಲಿನ ಪುಡಿ

ತೋಟದ ಕಾಂಕ್ರೀಟ್ ತೊಟ್ಟಿ ಒಂದೆರಡು ವರ್ಷದಲ್ಲೇ ಸೋರತೊಡಗಿದರೆ ರೈತರು ಸಿಮೆಂಟನ್ನು ದೂರುವುದುಂಟು. ಎಷ್ಟೋ ವೇಳೆ ದೋಷ ಸಿಮೆಂಟಿನದಲ್ಲ. ತೊಟ್ಟಿಯ ಗೋಡೆ ತೆಳುವಾದದ್ದು. ಒಳಗೆ ಕಂಬಿಗಳು ಒತ್ತೊತ್ತಾಗಿರುತ್ತವೆ. ಕಾಂಕ್ರೀಟು ಕೆಳಗಿನವರೆಗೆ ಇಳಿಯದೆ ಜಲ್ಲಿಯ ನಡುವೆ ಪೊಳ್ಳು ಉಳಿಯುತ್ತದೆ. ಸಲೀಸಾಗಿ ಇಳಿಯಲೆಂದು ಮೇಸ್ತ್ರಿ ಇನ್ನೆರಡು ಕೊಡ ನೀರು ಸುರಿಯುತ್ತಾನೆ. ಹೆಚ್ಚಾದ ಆ ನೀರು ಆರಿದಾಗ ಸಣ್ಣ ರಂಧ್ರಗಳು ಉಳಿದು ಬಲ ಕುಗ್ಗುತ್ತದೆ, ಕಂಬಿಗೂ ತುಕ್ಕು ಹಿಡಿಯುತ್ತದೆ.

ಜಪಾನಿನಲ್ಲಿಯೂ ನುರಿತ ಕೆಲಸಗಾರರ ಕೊರತೆಯಿಂದ ಇಂಥದೇ ತೊಂದರೆಯಿತ್ತು. ತನ್ನ ಭಾರದಿಂದಲೇ ಹರಿದು ಅಚ್ಚು ತುಂಬುವ ಕಾಂಕ್ರೀಟನ್ನು ಅಲ್ಲಿನ ಪ್ರೊ. ಒಕಾಮುರಾ 1986ರಲ್ಲಿ ಸೂಚಿಸಿದರು. 1988ರಲ್ಲಿ ಅದು ಸಿದ್ಧವಾಯಿತು. ಇದನ್ನು ಕುಟ್ಟಬೇಕಾಗಿಲ್ಲ, ವೈಬ್ರೇಟರ್ ಬೇಕಿಲ್ಲ. ಹರಿವು ಬರುವುದು ಹೆಚ್ಚು ನೀರಿನಿಂದಲ್ಲ, ಸೂಪರ್‌ಪ್ಲಾಸ್ಟಿಸೈಸರ್ ಎಂಬ ದ್ರವದಿಂದ. ಆದರೆ ಹರಿಯುವ ಕಾಂಕ್ರೀಟಿನಲ್ಲಿ ಜಲ್ಲಿ ತಳಕ್ಕಿಳಿಯದಂತೆ ಹಿಡಿದಿಡಲು ನಯವಾದ ಪುಡಿ ಹೆಚ್ಚು ಬೇಕು. ಅದಷ್ಟಕ್ಕೂ ಸಿಮೆಂಟನ್ನೇ ಹಾಕಿದರೆ ಖರ್ಚು ಏರುತ್ತದೆ, ಕಾವು ಹೆಚ್ಚಿ ಬಿರುಕು ಬಿಡುವ ಭಯವೂ ಉಂಟು. ಆ ಕೊರತೆಯನ್ನು ಸುಣ್ಣಕಲ್ಲಿನ ಪುಡಿ ತುಂಬುತ್ತದೆ. ಸಿಮೆಂಟಿನ ಕಣಗಳ ಸಂದುಗಳಲ್ಲಿ ಅದು ಕೂರುವುದರಿಂದ ನೀರು ಜಿನುಗುವ ದಾರಿ ಕಡಿಮೆಯಾಗುತ್ತದೆ. ಮೊದಲ ದಿನಗಳಲ್ಲಿ ಬಲವೂ ಬೇಗ ಬರುತ್ತದೆ.

ಈ ಪುಡಿ ತಾನಾಗಿ ಅಂಟುವ ವಸ್ತುವಲ್ಲ ಎಂಬುದನ್ನು ಮರೆಯಬಾರದು. ಸಿಮೆಂಟನ್ನು ಉಳಿಸುವ ಆಸೆಯಿಂದ ಅದರ ಬದಲಿಗೆ ಮನಬಂದಂತೆ ಸುರಿದರೆ ಬಲ ಇಳಿದೇ ಇಳಿಯುತ್ತದೆ. ಇದು ಸುಟ್ಟ ಸುಣ್ಣವೂ ಅಲ್ಲ. ಹುಳಿ ಮಣ್ಣಿಗೆ ಹಾಕುವ ಕೃಷಿ ಸುಣ್ಣ ಇದೇ ಕಲ್ಲಿನದಾದರೂ ಸಾಮಾನ್ಯವಾಗಿ ಅಷ್ಟು ನಯವಿರುವುದಿಲ್ಲ. ಇಲ್ಲಿ ಬಹುಭಾಗ 0.125 ಮಿ.ಮೀ.ಗಿಂತ ನಯವಾಗಿರಬೇಕು. ಜೇಡಿ ಬೆರೆತಿದ್ದರೆ ಹರಿವೇ ಕೆಡುತ್ತದೆ.

ಬಾಣಲಿ ಲೆಕ್ಕದಲ್ಲಿ ಇದನ್ನು ಕಲಸಲಾಗದು. ಪ್ರಮಾಣವನ್ನು ಎಂಜಿನಿಯರರೇ ಗೊತ್ತುಮಾಡಬೇಕು. ಸ್ಥಳದಲ್ಲಿ ಪರೀಕ್ಷೆ ಸುಲಭ: ಸ್ಲಂಪ್ ಕೋನನ್ನು ಕುಟ್ಟದೆ ತುಂಬಿ ಎತ್ತಿದರೆ ಕಾಂಕ್ರೀಟು 55ರಿಂದ 85 ಸೆಂ.ಮೀ. ಅಗಲಕ್ಕೆ ಹರಡಬೇಕು. ಜಲ್ಲಿ ನಡುವೆ ಗುಪ್ಪೆಯಾಗಿ ಅಂಚಿನಲ್ಲಿ ಬರೀ ನೀರು ಕಂಡರೆ ಆ ಕಾಂಕ್ರೀಟನ್ನು ಸುರಿಯಗೊಡಬೇಡಿ. ಸೆಂಟ್ರಿಂಗ್ ಹಲಗೆಗಳ ಸಂದು ಬಿಗಿಯಾಗಿರಲಿ, ಆಸರೆ ಗಟ್ಟಿಯಾಗಿರಲಿ. ಹರಿಯುವ ಕಾಂಕ್ರೀಟಿನ ಒತ್ತಡ ಹೆಚ್ಚು. ಬಳಿಕ ಕನಿಷ್ಠ 10 ದಿನ ಒದ್ದೆಯಾಗಿಡಬೇಕು.

ವೈಬ್ರೇಟರ್ ಹಿಡಿಯಬಲ್ಲ ಆಳಿದ್ದರೆ ಸಣ್ಣ ತೊಟ್ಟಿಗೆ ಸಾಧಾರಣ ಕಾಂಕ್ರೀಟೇ ಸಾಕು. ರಸಮೇವಿನ ಗುಂಡಿಗಂತೂ ಈ ಪುಡಿ ಬೇಡ. ಮೇವಿನಿಂದ ಬಸಿಯುವ ಹುಳಿರಸ ಸಿಮೆಂಟನ್ನೂ ಸುಣ್ಣಕಲ್ಲನ್ನೂ ತಿನ್ನುತ್ತದೆ. ಅಲ್ಲಿ ಗೋಡೆಯ ಒಳಮೈಗೆ ಆಮ್ಲ ತಡೆಯುವ ಲೇಪನ ಕೊಡಿಸಬೇಕು.