ಹೆಸರು ಮೂರು, ಮದ್ದು ಒಂದೇ: ನೋವಿನ ಗುಳಿಗೆ ನುಂಗುವ ಮುಂಚೆ

ಗಲ್ಫ್‌ನಿಂದ ರಜೆಯಲ್ಲಿ ಬರುವವರ ಪೆಟ್ಟಿಗೆಯಲ್ಲಿ ಸಾಬೂನು, ಬಾದಾಮಿ, ಅತ್ತರಿನ ಜೊತೆ ಒಂದಿಷ್ಟು ಪನಡೋಲ್ ಕೂಡ ಇರುವುದು ನಮ್ಮ ಮನೆಗಳಲ್ಲಿ ಹೊಸತಲ್ಲ. "ಅಲ್ಲಿಯ ಮದ್ದು, ಒಳ್ಳೆ ಪವರ್ ಉಂಟು" ಅಂತ ನೆರೆಮನೆಗೂ ಒಂದು ಪಟ್ಟಿ ಹೋಗ್ತದೆ. ಆದರೆ ಪನಡೋಲ್‌ನ ಒಳಗೆ ಇರುವುದು ಪ್ಯಾರಸಿಟಮಾಲ್. ನಮ್ಮೂರ ಮೆಡಿಕಲ್‌ನಲ್ಲಿ ಸಿಗುವ ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಒಳಗೆ ಇರುವುದೂ ಅದೇ. ಶೀತಕ್ಕೆಂದು ಕೊಡುವ ಹೆಚ್ಚಿನ ಗುಳಿಗೆಗಳಲ್ಲೂ ಅದೇ ಸೇರಿದೆ.

ಈ ಒಂದು ವಿಷಯ ಗೊತ್ತಿಲ್ಲದ ಕಾರಣಕ್ಕೆ ಎಷ್ಟೋ ಮನೆಗಳಲ್ಲಿ ಒಂದೇ ಮದ್ದನ್ನು ಮೂರು ಹೆಸರಿನಲ್ಲಿ ಮೂರು ಸಲ ನುಂಗುವುದು ನಡೆಯುತ್ತಿದೆ. ಚೀಟಿ ಇಲ್ಲದೆ ಸಿಗುವ ಮದ್ದು ಅಂದ ಮಾತ್ರಕ್ಕೆ ಲೆಕ್ಕವಿಲ್ಲದೆ ತಿನ್ನುವ ಮದ್ದು ಅಂತ ಅರ್ಥ ಅಲ್ಲ.

ಲೆಕ್ಕ ತಪ್ಪುವುದು ಹೀಗೆ

ಆರೋಗ್ಯವಂತ ದೊಡ್ಡವರು 24 ಗಂಟೆಯಲ್ಲಿ ತೆಗೆದುಕೊಳ್ಳಬಹುದಾದ ಪ್ಯಾರಸಿಟಮಾಲ್‌ನ ಮೇಲಿನ ಮಿತಿ 4000 ಮಿಲಿಗ್ರಾಂ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಕನಿಷ್ಠ 4ರಿಂದ 6 ಗಂಟೆ ಅಂತರ ಬೇಕು. ತೀರಾ ಸಪೂರ ಇರುವವರಿಗೆ, ವಯಸ್ಸಾದವರಿಗೆ, ಪಿತ್ತಜನಕಾಂಗದ ಅಂದರೆ ಲಿವರ್‌ನ ತೊಂದರೆ ಇರುವವರಿಗೆ ಈ ಮಿತಿ ಇನ್ನೂ ಕಡಿಮೆ. ಅದನ್ನು ಡಾಕ್ಟರೇ ಹೇಳಬೇಕು.

ಈಗ ಒಂದು ಲೆಕ್ಕ ನೋಡೋಣ. ಮೈಕೈ ನೋವು ಅಂತ 500 ಮಿಲಿಗ್ರಾಂನ ಪನಡೋಲ್ ಎರಡರಂತೆ ದಿನಕ್ಕೆ ಮೂರು ಸಲ ತೆಗೆದುಕೊಂಡರೆ 3000 ಆಯಿತು. ನಡುವೆ ಜ್ವರ ಇಳಿಯಲಿಲ್ಲ ಅಂತ ಒಂದು ಡೋಲೋ 650 ಹಾಕಿದರೆ 3650. ಮೂಗು ಸೋರ್ತದೆ ಅಂತ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಇರುವ ಶೀತದ ಗುಳಿಗೆ ಎರಡು ನುಂಗಿದರೆ ಒಟ್ಟು 4650. ಮಿತಿ ದಾಟಿ ಹೋಯಿತು. ನುಂಗಿದವರಿಗೆ ಮಾತ್ರ "ಮೂರು ಬೇರೆ ಬೇರೆ ಮದ್ದು" ಅಂತಲೇ ಭಾವನೆ.

ಮಿತಿ ಮೀರಿದ ಪ್ಯಾರಸಿಟಮಾಲ್ ಲಿವರನ್ನು ಹಾಳು ಮಾಡುತ್ತದೆ. ಮೊದಲ ದಿನ ಏನೂ ಗೊತ್ತಾಗದೆ ಇರಬಹುದು. ಸ್ವಲ್ಪ ವಾಂತಿ, ಸುಸ್ತು, ಅಷ್ಟೇ. ಎರಡು ಮೂರು ದಿನದಲ್ಲಿ ಕಣ್ಣು ಹಳದಿಯಾಗುವಾಗ ಹಾನಿ ಆಗಿಬಿಟ್ಟಿರುತ್ತದೆ. ಇದಕ್ಕೆ ಆಸ್ಪತ್ರೆಯಲ್ಲಿ ಅಸಿಟೈಲ್‌ಸಿಸ್ಟೀನ್ ಅನ್ನುವ ಪ್ರತಿಮದ್ದು ಉಂಟು. ಅದು ಅತಿ ಚೆನ್ನಾಗಿ ಕೆಲಸ ಮಾಡುವುದು ಮೊದಲ 8 ಗಂಟೆಯ ಒಳಗೆ. ಆದ್ದರಿಂದ ಮಕ್ಕಳಾಗಲಿ ದೊಡ್ಡವರಾಗಲಿ ಹೆಚ್ಚು ನುಂಗಿದ್ದಾರೆ ಅಂತ ಗೊತ್ತಾದರೆ "ನಾಳೆ ನೋಡುವ" ಅನ್ನಬಾರದು. ಖಾಲಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹೊಟ್ಟೆ, ಕಿಡ್ನಿ ಕೇಳುವ ಗುಳಿಗೆಗಳು

ಎರಡನೇ ಗುಂಪು ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್‌ನಂಥವು. ಬಾಗಿ ಕೂತು ಬೀಡಿ ಕಟ್ಟಿ ಕತ್ತು, ಸೊಂಟ ನೋಯಿಸಿಕೊಂಡ ನಮ್ಮ ಉಮ್ಮಂದಿರು, ಮೊಣಗಂಟು ನೋವಿನ ಹಿರಿಯರು ತಿಂಗಳುಗಟ್ಟಲೆ ತಿನ್ನುವುದು ಹೆಚ್ಚಾಗಿ ಇವನ್ನೇ. ನೋವು ಬೇಗ ಇಳಿಯುವುದು ನಿಜ. ಆದರೆ ಇವು ಹೊಟ್ಟೆಯ ಒಳಪದರಕ್ಕೆ ಹುಣ್ಣು ಮಾಡುತ್ತವೆ, ಬಿಪಿ ಏರಿಸುತ್ತವೆ, ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇರುವವರು, ರಕ್ತ ತೆಳು ಮಾಡುವ ಗುಳಿಗೆ ತಿನ್ನುವವರು, ಉಬ್ಬಸದವರು ಡಾಕ್ಟರನ್ನು ಕೇಳದೆ ಇವನ್ನು ಮುಟ್ಟಬಾರದು. ಗರ್ಭಿಣಿಯರಂತೂ ಕೇಳದೆ ಯಾವ ನೋವಿನ ಗುಳಿಗೆಯೂ ತಿನ್ನಬಾರದು.

"ಜೊತೆಗೆ ಗ್ಯಾಸ್ ಗುಳಿಗೆ ತಿಂದಿದ್ದೇನೆ, ಏನೂ ಆಗುವುದಿಲ್ಲ" ಅನ್ನುವ ಮಾತು ಕೇಳುತ್ತೇವೆ. ಗ್ಯಾಸ್ ಗುಳಿಗೆ ಹೊಟ್ಟೆಯನ್ನು ಸ್ವಲ್ಪ ಕಾಯಬಹುದು, ಕಿಡ್ನಿಯನ್ನು ಕಾಯುವುದಿಲ್ಲ. ಮಲ ಡಾಂಬರಿನ ಹಾಗೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿರಬಹುದು. ಅದಕ್ಕೆ ಕಾಯಬಾರದು.

ಎರಡೂ ಗುಂಪು ಒಟ್ಟಿಗೆ ಇರುವ ಗುಳಿಗೆಗಳೂ ಉಂಟು. ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಇದೆ. ಅದರ ಮೇಲೆ ಡೋಲೋ ಹಾಕಿದರೆ ಲೆಕ್ಕ ಮತ್ತೆ ಕೂಡುತ್ತದೆ.

ತಲೆನೋವಿಗೆ ಇನ್ನೊಂದು ಮಾತು. ತಿಂಗಳಲ್ಲಿ 10-15 ದಿನ ಗುಳಿಗೆ ನುಂಗುವ ಅಭ್ಯಾಸ ಕೆಲವು ತಿಂಗಳು ಮುಂದುವರಿದರೆ, ಆ ಗುಳಿಗೆಯೇ ತಲೆನೋವು ತರಿಸಲು ಶುರು ಮಾಡುತ್ತದೆ. ಎದೆ ಬಿಗಿದು ಎಡಗೈ, ದವಡೆಗೆ ನೋವು ಹರಿದರೆ ಅದು ಗುಳಿಗೆಯ ಕೆಲಸವೇ ಅಲ್ಲ. ಆಸ್ಪತ್ರೆಗೆ ಓಡಬೇಕು.

ಮಳೆಗಾಲದ ಜ್ವರ

ನಮ್ಮ ಕರಾವಳಿಯಲ್ಲಿ ಮಳೆ ಶುರುವಾದರೆ ಡೆಂಗಿ, ಮಲೇರಿಯಾ, ಇಲಿಜ್ವರ ಮೂರರ ಭಯ ಉಂಟು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವದ ಅಪಾಯ ಇರುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಆ ಅಪಾಯವನ್ನು ಹೆಚ್ಚಿಸುತ್ತವೆ. ಇಲಿಜ್ವರ ಕಿಡ್ನಿಗೇ ಹೊಡೆಯುವ ಕಾಯಿಲೆ. ಹಾಗಾಗಿ ಜ್ವರ ಯಾವುದು ಅಂತ ಗೊತ್ತಾಗುವವರೆಗೆ ಪ್ಯಾರಸಿಟಮಾಲ್ ಮಾತ್ರ, ಅದೂ ಮಿತಿಯಲ್ಲಿ. ಜ್ವರ ಎರಡು ದಿನ ದಾಟಿದರೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಗುಳಿಗೆ ಜ್ವರವನ್ನು ಇಳಿಸುತ್ತದೆ, ಕಾಯಿಲೆಯನ್ನು ಅಲ್ಲ.

ಮಕ್ಕಳ ಬಾಟ್ಲಿ

ಮಕ್ಕಳಿಗೆ ಪ್ಯಾರಸಿಟಮಾಲ್ ಕೊಡುವುದು ವಯಸ್ಸು ನೋಡಿ ಅಲ್ಲ, ತೂಕ ನೋಡಿ. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋದ ಮಗುವಿಗೆ 100ರಿಂದ 150. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಕಷ್ಟ ಇರುವುದು ಬಾಟ್ಲಿಯಲ್ಲಿ. ಒಂದು ಸಿರಪ್‌ನ 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ 250 ಇರುತ್ತದೆ. ಕೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100 ಇರುತ್ತದೆ. ಸಿರಪ್ ಅಂತ ತಿಳಿದು ಡ್ರಾಪ್ಸ್‌ ಅನ್ನೇ 5 ಎಂಎಲ್ ಕುಡಿಸಿದರೆ ಕೂಸಿನ ಹೊಟ್ಟೆಗೆ ದೊಡ್ಡವರ ಗುಳಿಗೆ ಹೋದ ಹಾಗೆ. ಅಡುಗೆಮನೆಯ ಚಮಚ ಬೇಡ, ಬಾಟ್ಲಿಯ ಜೊತೆ ಬರುವ ಅಳತೆಯ ಮುಚ್ಚಳವೇ ಆಗಬೇಕು. ಮಕ್ಕಳಿಗೆ ಆಸ್ಪಿರಿನ್ ಬೇಡ. 12 ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಕೊಡುವುದನ್ನು ಕೇಂದ್ರ ಸರಕಾರ 2011ರಲ್ಲೇ ನಿಷೇಧಿಸಿದೆ.

ನೋಂಬಿನ ದಿನಗಳಲ್ಲಿ

ನೋಂಬಿನ ಮೊದಲ ದಿನಗಳ ತಲೆನೋವು ಹೆಚ್ಚಿನವರಿಗೆ ನೀರು ಕಡಿಮೆಯಾಗಿ, ಇಲ್ಲವೇ ದಿನವಿಡೀ ಕುಡಿಯುವ ಚಾ, ಕಾಫಿ ಏಕಾಏಕಿ ನಿಂತು ಬರುವಂಥದ್ದು. ಶಾಬಾನ್‌ನ ಕೊನೆಯ ವಾರದಲ್ಲೇ ಚಾ ಒಂದೊಂದು ಲೋಟ ಕಡಿಮೆ ಮಾಡುತ್ತಾ ಬಂದರೆ, ಇಫ್ತಾರ್‌ನಿಂದ ಸಹರಿವರೆಗೆ ಸಾಕಷ್ಟು ನೀರು ಕುಡಿದರೆ ಗುಳಿಗೆಯ ಅಗತ್ಯವೇ ಬೀಳದೆ ಇರಬಹುದು. ಐಬುಪ್ರೊಫೆನ್ ಗುಂಪಿನ ಗುಳಿಗೆಯನ್ನು ಬರೀ ಖರ್ಜೂರದ ಮೇಲೆ ನುಂಗಬಾರದು, ಊಟ ಆದ ಮೇಲೆಯೇ. ಹಗಲಿಗೆ ನೋವು ಬಾರದಿರಲಿ ಅಂತ ಸಹರಿಗೆ ಎರಡರಷ್ಟು ನುಂಗುವುದು ಬೇಡವೇ ಬೇಡ. ನೀರಿಲ್ಲದ ದೇಹದಲ್ಲಿ ಅದರ ಭಾರ ಕಿಡ್ನಿಯ ಮೇಲೆ ಬೀಳುತ್ತದೆ. ರೋಗಿಗೆ ನೋಂಬು ಬಿಟ್ಟು ಬೇರೆ ದಿನಗಳಲ್ಲಿ ಪೂರೈಸಲು ಸೂರಾ ಅಲ್ ಬಖರದಲ್ಲೇ ರಿಯಾಯಿತಿ ಉಂಟು. ಅದನ್ನು ಬಿಟ್ಟು ದೇಹವನ್ನು ಅಪಾಯಕ್ಕೆ ದೂಡುವುದು ಭಕ್ತಿ ಅಲ್ಲ.

ಪಾರ್ಸೆಲ್ ಕಳಿಸುವ ಮುಂಚೆ

ಇಲ್ಲಿಂದ ಗಲ್ಫ್‌ಗೆ ಹೋಗುವವರ ಕೈಯಲ್ಲಿ ಸಂಬಂಧಿಕರಿಗೆಂದು ಗುಳಿಗೆ ಕಳಿಸುವ ರೂಢಿಯೂ ನಮ್ಮಲ್ಲಿ ಉಂಟು. ಟ್ರಮಡಾಲ್, ಕೋಡೀನ್ ಇರುವ ನೋವಿನ ಗುಳಿಗೆ ಯುಎಇಯಲ್ಲಿ ನಿಯಂತ್ರಿತ ಮದ್ದು. ಅನುಮತಿ ಇಲ್ಲದೆ ಕೊಂಡುಹೋದರೆ ಕೇಸಾಗಬಹುದು. ಟ್ರಮಡಾಲ್ ನಮ್ಮ ದೇಶದಲ್ಲೂ 2018ರಿಂದ ಮಾದಕ ವಸ್ತು ಕಾಯ್ದೆಯಡಿ ಬರುತ್ತದೆ. ಒಳಗೆ ಏನಿದೆ ಅಂತ ಗೊತ್ತಿಲ್ಲದ ಗುಳಿಗೆಯನ್ನು ಯಾರ ಬ್ಯಾಗಿಗೂ ಹಾಕಬಾರದು.

ಮನೆಯಲ್ಲೇ ಮಾಡಬಹುದಾದದ್ದು

ಪಟ್ಟಿಯ ಮೇಲೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಅಥವಾ ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದೇ ಮದ್ದಿನ ನಿಜವಾದ ಹೆಸರು, ಪಕ್ಕದಲ್ಲಿ ಎಷ್ಟು ಮಿಲಿಗ್ರಾಂ ಅಂತ ಇರುತ್ತದೆ. ಮೆಡಿಕಲ್‌ನವರು ಕತ್ತರಿಸಿ ಕೊಟ್ಟ ತುಂಡಿನಲ್ಲಿ ಹೆಸರು ಕಾಣದಿದ್ದರೆ ಬರೆದುಕೊಡಲು ಹೇಳಬೇಕು. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ತಿನ್ನುವಂಥದ್ದಲ್ಲ.

ಓದಲು ಕಷ್ಟವಾಗುವ ಹಿರಿಯರು ಇರುವ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಆರನೇ ಏಳನೇ ಕ್ಲಾಸಿನ ಮಗು ಆ ಸಣ್ಣ ಅಕ್ಷರವನ್ನು ಓದಿ ಹೇಳಬಲ್ಲದು. ಇವತ್ತೇ ಕಪಾಟಿನಲ್ಲಿರುವ ಗುಳಿಗೆಗಳನ್ನೆಲ್ಲ ಹೊರಗಿಟ್ಟು, ಒಂದೊಂದರ ಒಳಗೆ ಏನಿದೆ ಅಂತ ಅವರಿಂದ ಓದಿಸಿ. ಪ್ಯಾರಸಿಟಮಾಲ್ ಇರುವವನ್ನೆಲ್ಲ ಒಂದೇ ಡಬ್ಬಿಗೆ ಹಾಕಿ, ಅವಧಿ ಮುಗಿದದ್ದನ್ನು ಬಿಸಾಡಿ, ಡಬ್ಬಿಯನ್ನು ಸಣ್ಣ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ.